ವೈದ್ಯಕಾಯಕದಲ್ಲಿ ಗುಣವರ್ಧನೆ

ಶ್ರೀಮಠದ ಮಹೋತ್ಸವದ ವೈದ್ಯಗೋಷ್ಠಿಯಲ್ಲಿ ಓದಲಾದ ಉಪನ್ಯಾಸ



 

ಮಠವೆಂದರೆ ಪೂಜೆ ನಡೆಯುವ ಸ್ಥಳ ಮಾತ್ರವಲ್ಲ. ಹಸಿದವನಿಗೆ ಅನ್ನ, ಅರಿಯದವನಿಗೆ ಅಕ್ಷರ, ಬೇನೆಬಿದ್ದವನಿಗೆ ಆಸರೆ ದೊರೆಯುವ ಸ್ಥಳವೂ ಅದೇ ಎಂಬದು ಈ ನಾಡಿನ ಪೂರ್ವಕಾಲದ ನಂಬಿಕೆಯಾಗಿರುವದು. ಆದಕಾರಣ ಈ ಶುಭಸಂದರ್ಭದಲ್ಲಿ ವೈದ್ಯರ ಕಾಯಕವನ್ನು ಕುರಿತು ವಿಚಾರಿಸುವದು ಅಪ್ರಸ್ತುತವಾಗಲಾರದು. ವಿಚಾರಿಸತಕ್ಕ ಪ್ರಶ್ನೆಯಾದರೋ ಒಂದೇ: ಗ್ರಂಥದಲ್ಲಿ ಹೇಳಿರುವ ಚಿಕಿತ್ಸೆಯು ರೋಗಿಯ ಹಾಸಿಗೆಯ ವರೆಗೆ ಪ್ರತಿಸಲವೂ ತಪ್ಪದೆ ಮುಟ್ಟುವಂತೆ ಮಾಡುವ ಬಗೆ ಯಾವದು?

ವಿಜಯಪುರಕ್ಕೆ 1904ರಲ್ಲಿ ವಕೀಲಿ ವೃತ್ತಿಗಾಗಿ ಬಂದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1910ರಲ್ಲಿ ಬಿಜಾಪುರ ಲಿಂಗಾಯತ ಜಿಲ್ಹಾ ವಿದ್ಯಾವರ್ಧಕ ಸಂಸ್ಥೆಯನ್ನು ಸ್ಥಾಪಿಸಿದರು. ಆ ಸಂಸ್ಥೆಯಿಂದ 1986ರಲ್ಲಿ ವೈದ್ಯಕೀಯ ಮಹಾವಿದ್ಯಾಲಯವು ಹುಟ್ಟಿತು. ಇದೇ ಪಟ್ಟಣದಲ್ಲಿ ಅಲ್-ಅಮೀನ್ ವೈದ್ಯಕೀಯ ಮಹಾವಿದ್ಯಾಲಯವಿರುವದು, ಸರಕಾರದ ಜಿಲ್ಹಾ ಆಸ್ಪತ್ರೆಯೂ ಇರುವದು. ಹಿಂದಿನವರಿಗೆ ಇದ್ದ ಔಷಧದ ಅಭಾವವಾಗಲಿ, ವೈದ್ಯರ ಅಭಾವವಾಗಲಿ ಪಟ್ಟಣದ ಮಟ್ಟಿಗೆ ಬಹುಮಟ್ಟಿಗೆ ನೀಗಿದೆಯೆನ್ನಬಹುದು. ಹೀಗಿರಲಾಗಿ, ಉಳಿದಿರುವ ಕೊರತೆಯು ಬೇರೊಂದು ಬಗೆಯದು. ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಸಾಯುವ ತಾಯಂದಿರ ಸಂಖ್ಯೆಯು 2004–06ರ ಗಣತಿಯಲ್ಲಿ 213 ಇದ್ದದ್ದು 2018–20ರ ಗಣತಿಯಲ್ಲಿ 69ಕ್ಕೆ ಇಳಿಯಿತು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಅದೇ ಗಣತಿಯಲ್ಲಿ ಕೇರಳದ ಸಂಖ್ಯೆಯು 19 ಆಗಿತ್ತು. ಅಲ್ಲಿಯ ವೈದ್ಯರು ಓದುವ ಗ್ರಂಥಗಳೂ ಇಲ್ಲಿಯ ವೈದ್ಯರು ಓದುವ ಗ್ರಂಥಗಳೂ ಬೇರೆಯಲ್ಲ, ಔಷಧಗಳೂ ಬೇರೆಯಲ್ಲ. ಅರಿವಿಗೂ ಆಚಾರಕ್ಕೂ ನಡುವೆ ಎಲ್ಲಿ ಬಿರುಕಿರುವದೋ ಅಲ್ಲಿಯೇ ಜೀವಗಳು ಸೋರಿಹೋಗುತ್ತಿರುವವು. ಆ ಬಿರುಕನ್ನು ಹುಡುಕಿ, ಅಳೆದು, ಮುಚ್ಚಿ, ಮತ್ತೆ ತೆರೆಯದಂತೆ ಕಾಯುವ ಕ್ರಮಬದ್ಧವಾದ ಕೆಲಸಕ್ಕೇ ಗುಣವರ್ಧನೆಯೆಂದು ಹೆಸರು.

ಮೊದಲು ಇದು ಯಾವದಲ್ಲವೆಂಬದನ್ನು ತಿಳಿಯತಕ್ಕದ್ದು. ಗುಣವರ್ಧನೆಯು ಹೊಸ ಔಷಧವನ್ನು ಕಂಡುಹಿಡಿಯುವ ಸಂಶೋಧನೆಯಲ್ಲ. ಇದ್ದ ಔಷಧವು ಹೊತ್ತಿಗೆ ಸರಿಯಾಗಿ ಮುಟ್ಟುವಂತೆ ಮಾಡುವದಾಗಿದೆ. ಮೇಲಧಿಕಾರಿಗಳು ಬರುವ ದಿನ ಗೋಡೆಗೆ ಸುಣ್ಣ ಬಳಿಯುವದೂ ಅಲ್ಲ. ಭಾರತ ಸರಕಾರವು 2017ರಲ್ಲಿ ‘ಲಕ್ಷ್ಯ’ವೆಂಬ ಕಾರ್ಯಕ್ರಮವನ್ನು ಹೆರಿಗೆಯ ಕೋಣೆಗಳ ಸುಧಾರಣೆಗಾಗಿಯೇ ಆರಂಭಿಸಿತು; ಅದರಲ್ಲಿ ಪರೀಕ್ಷೆಯುಂಟು, ಪ್ರಮಾಣಪತ್ರವುಂಟು. ಪ್ರಮಾಣಪತ್ರವು ಒಳ್ಳೆಯದೇ, ಆದರೆ ಮದುವೆಯ ದಿನ ಸಾರಿಸಿದ ಮನೆಯು ವರ್ಷವಿಡೀ ಹಾಗೆಯೇ ಇರುವದೆಂದು ಯಾರೂ ನಂಬುವದಿಲ್ಲ. ಪರೀಕ್ಷಕರು ಹೋದ ಮರುದಿನ ನಡುರಾತ್ರಿಯಲ್ಲಿ ಬಂದ ಬಾಣಂತಿಗೆ ಏನು ದೊರೆಯಿತೆಂಬದೇ ನಿಜವಾದ ಪರೀಕ್ಷೆಯು. ಕೆಳಗಿನವರನ್ನು ಗದರಿಸುವದಂತೂ ಗುಣವರ್ಧನೆಯಾಗಲಾರದು. ಗದರಿಸಿದರೆ ತಪ್ಪು ಕಡಿಮೆಯಾಗುವದಿಲ್ಲ, ತಪ್ಪಿನ ಬರಹ ಮಾತ್ರ ಕಡಿಮೆಯಾಗುವದು.

ಅಳತೆಯೆಂಬದು ಶರಣರಿಗೆ ಹೊಸದಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯದ ಮಿತಿಗಿಂತ ಹೆಚ್ಚಿನ ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಮರಳಿ ಸುರಿದು ಬರುವಂತೆ ಹೇಳಿದ ಕಥೆಯು ಎಲ್ಲರಿಗೂ ತಿಳಿದದ್ದೇ. ಆ ತಾಯಿಗೆ ತನ್ನ ಮನೆಯ ನಿತ್ಯದ ಅಳತೆಯು ತಿಳಿದಿತ್ತು. ಆದಕಾರಣವೇ ಅಳತೆ ತಪ್ಪಿದ್ದು ಕಣ್ಣಿಗೆ ಬಿದ್ದಿತು. ತನ್ನ ಕಾಯಕದ ಅಳತೆಯನ್ನೇ ಅರಿಯದ ವೈದ್ಯನಿಗೆ ಅದರಲ್ಲಿ ಏನು ಹೆಚ್ಚಾಯಿತು, ಏನು ಕಡಿಮೆಯಾಯಿತೆಂಬದು ತಿಳಿಯುವ ಬಗೆ ಹೇಗೆ?

ಈ ಮಾತಿಗೆ ನೆರೆಯ ಬೆಳಗಾವಿಯು ಒಳ್ಳೆಯ ನಿದರ್ಶನವನ್ನು ಒದಗಿಸಿದೆ. ಹೆರಿಗೆಯಾದ ಕೂಡಲೆ ತಾಯಿಯ ಮೈಯಿಂದ ಹೋಗುವ ರಕ್ತವು 500 ಮಿಲಿಲೀಟರನ್ನು ಮೀರಿದರೆ ಅದನ್ನು ಅಪಾಯವೆಂದು ಎಣಿಸುವದು ಬಹುಕಾಲದ ರೂಢಿ. ಆದರೆ ಆ ರಕ್ತವನ್ನು ಅಳೆಯುವವರು ಯಾರು? ಬಟ್ಟೆಗೆ ಹೀರಿದ್ದು, ನೆಲಕ್ಕೆ ಹರಿದದ್ದು, ನೀರಿನೊಡನೆ ಕೂಡಿದ್ದು, ಎಲ್ಲವನ್ನೂ ಕಣ್ಣಿನಿಂದಲೇ ಅಂದಾಜು ಮಾಡುವದು ವಾಡಿಕೆಯಾಗಿತ್ತು. ಬೆಳಗಾವಿಯ ಜವಾಹರಲಾಲ ನೆಹರು ವೈದ್ಯಕೀಯ ಮಹಾವಿದ್ಯಾಲಯದವರು ಅಮೇರಿಕೆಯ ಸಹೋದ್ಯೋಗಿಗಳೊಡನೆ ಕೂಡಿ ಬಾಣಂತಿಯ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಸನ್ನು ಉಪಯೋಗಕ್ಕೆ ತಂದರು. ಅದರ ತುದಿಯಲ್ಲಿ ಆಲಿಕೆಯಾಕಾರದ ಚೀಲ, ಚೀಲದ ಮೇಲೆ ಅಳತೆಯ ಗೆರೆ. ಇಷ್ಟೇ ಅದರ ರಚನೆ. ಕಣ್ಣಂದಾಜನ್ನೂ ಹಾಸಿನ ಅಳತೆಯನ್ನೂ ಹೋಲಿಸಿ 2006ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕಣ್ಣಂದಾಜು ನೂರಕ್ಕೆ 33ರಷ್ಟು ಕಡಿಮೆಯಾಗಿತ್ತೆಂದು ಕಂಡುಬಂದಿತು. ಅಂದರೆ, 600 ಮಿಲಿಲೀಟರು ರಕ್ತ ಹೋದ ತಾಯಿಗೆ 400 ಹೋಯಿತೆಂದು ಬರೆದು, ಎಲ್ಲರೂ ಸಮಾಧಾನದಿಂದ ಇರುವ ಸಂಭವವುಂಟು. ಇದರಲ್ಲಿ ಯಾರ ದುರ್ಬುದ್ಧಿಯೂ ಇಲ್ಲ, ಕಣ್ಣಿನ ಸ್ವಭಾವವೇ ಅಂಥದು.

ಅದೇ ಬೆಳಗಾವಿ ಜಿಲ್ಹೆಯ ಹಳ್ಳಿಗಳಲ್ಲಿ 2002ರಿಂದ 2005ರ ವರೆಗೆ 1620 ಹೆಂಗಸರ ಹೆರಿಗೆಗಳಲ್ಲಿ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು ಪರೀಕ್ಷಿಸಲಾಯಿತು. ಗುಳಿಗೆಯನ್ನು ಕೊಟ್ಟವರು ದೊಡ್ಡ ವೈದ್ಯರಲ್ಲ, ಹಳ್ಳಿಯ ದಾದಿಯರು. ಸುಳ್ಳುಗುಳಿಗೆ ನುಂಗಿದವರಲ್ಲಿ ನೂರಕ್ಕೆ 12 ಹೆಂಗಸರಿಗೆ ಅಪಾಯದ ರಕ್ತಸ್ರಾವವಾದರೆ, ನಿಜವಾದ ಗುಳಿಗೆ ನುಂಗಿದವರಲ್ಲಿ 6.4ಕ್ಕೆ ಆಯಿತು. ಈ ವ್ಯತ್ಯಾಸವು ಜಗತ್ತಿಗೆ ಕಾಣಿಸಿದ್ದು ಹಾಸಿನ ಮೇಲಿನ ಗೆರೆಯಿಂದ. ಅಳತೆಯಿಲ್ಲದಿದ್ದರೆ ಆ ಗುಣವು ಗುಣವೆಂದೇ ತಿಳಿಯುತ್ತಿರಲಿಲ್ಲ.

ಇನ್ನು ಈ ಜಿಲ್ಹೆಯ ಮಾತು. ವಿಜಯಪುರದಿಂದ ಪಶ್ಚಿಮಕ್ಕೆ ಅಥಣಿಯ ದಾರಿಯಲ್ಲಿ ಟಿಕೋಟಾ, ನೈಋತ್ಯಕ್ಕೆ ಜಮಖಂಡಿಯ ದಾರಿಯಲ್ಲಿ ಬಬಲೇಶ್ವರ. ಹಿಂದೆ ವಿಜಯಪುರ ತಾಲೂಕಿನಲ್ಲಿದ್ದ ಇವೆರಡೂ ಈಗ ಸ್ವತಂತ್ರ ತಾಲೂಕುಗಳಾಗಿರುವವು. ಊರುಗಳು ದೂರವಲ್ಲ, ಆದರೆ ದ್ರಾಕ್ಷಿಯ ತೋಟಗಳ ನಡುವೆ ಚದುರಿದ ವಸತಿಗಳಿಂದ ಡಾಂಬರದ ದಾರಿಗೆ ಬರುವದೇ ಮಳೆಗಾಲದಲ್ಲಿ ಒಂದು ಪ್ರಯಾಣ. ಇಲ್ಲಿಯ ವೈದ್ಯರು ಹೆರಿಗೆಯ ರಕ್ತಸ್ರಾವವನ್ನೇ ವಿಷಯವಾಗಿ ಹಿಡಿದು ಗುಣವರ್ಧನೆಯ ಕೆಲಸವನ್ನು ಕೈಕೊಂಡರೆ ಅದರ ಕ್ರಮವು ಹೇಗಿರತಕ್ಕದ್ದೆಂಬದನ್ನು ಉದಾಹರಣೆಗಾಗಿ ಮುಂದೆ ವಿವರಿಸಲಾಗಿದೆ.

ಮೊದಲನೆಯದು, ಗುರಿ. ‘ತಾಯಂದಿರ ಆರೋಗ್ಯ ಸುಧಾರಿಸಬೇಕು’ ಎಂಬದು ಹಾರೈಕೆಯೇ ಹೊರತು ಗುರಿಯಲ್ಲ. ಗುರಿಯಲ್ಲಿ ಯಾರಿಗೆ, ಎಲ್ಲಿ, ಎಷ್ಟು, ಯಾವಾಗಿನ ಒಳಗೆ ಎಂಬ ನಾಲ್ಕೂ ಇರತಕ್ಕದ್ದು. ಉದಾಹರಣೆಗೆ: ದೀಪಾವಳಿಯಿಂದ ಬಸವಜಯಂತಿಯ ಒಳಗಾಗಿ, ಟಿಕೋಟಾ ಮತ್ತು ಬಬಲೇಶ್ವರಗಳ ಸರಕಾರೀ ಆಸ್ಪತ್ರೆಗಳಲ್ಲಿ ಆಗುವ ಪ್ರತಿ 100 ಹೆರಿಗೆಗಳಲ್ಲಿ 95ಕ್ಕಾದರೂ ರಕ್ತವನ್ನು ಹಾಸಿನಿಂದ ಅಳೆದು ಬರೆಯತಕ್ಕದ್ದು. ಇಂಥ ಗುರಿಯು ಸಾಧಿಸಿತೋ ಇಲ್ಲವೋ ಎಂಬದನ್ನು ಯಾವ ವಾದವೂ ಇಲ್ಲದೆ ಹೇಳಬಹುದು. ಒಂದೇ ಸಲಕ್ಕೆ ಹತ್ತು ಗುರಿಗಳನ್ನು ಹಿಡಿದವನು ಹತ್ತನ್ನೂ ಬಿಡುವನು.

ಎರಡನೆಯದು, ಕೂಟ. ಕಲ್ಯಾಣದ ಅನುಭವಮಂಟಪದಲ್ಲಿ ರಾಜನ ಮಂತ್ರಿಯೂ ಹೊಳೆಯ ಅಂಬಿಗನೂ ಒಂದೇ ನೆಲದ ಮೇಲೆ ಕುಳಿತು ಮಾತಾಡಿದರು. ಆಸ್ಪತ್ರೆಯಲ್ಲಿಯೂ ಹಾಗೆಯೇ ಆಗತಕ್ಕದ್ದು. ರಾತ್ರಿಯ ಪಾಳಿಯ ದಾದಿ, ಕಸ ಗುಡಿಸುವವಳು, ಔಷಧ ಕೊಡುವವನು, ಆಶಾ ಕಾರ್ಯಕರ್ತೆ, 108ರ ವಾಹನ ನಡೆಸುವವನು, ಹೆತ್ತು ಮನೆಗೆ ಹೋದ ಒಬ್ಬ ತಾಯಿ, ಇವರೆಲ್ಲರೂ ವೈದ್ಯನಿಗೆ ಕಾಣದ್ದನ್ನು ಕಂಡಿರುವರು. ಔಷಧದ ಕಪಾಟಿನ ಕೀಲಿಯು ರಾತ್ರಿ ಯಾರ ಹತ್ತಿರ ಇರುವದೆಂಬದು ಮುಖ್ಯ ವೈದ್ಯಾಧಿಕಾರಿಗಳಿಗೆ ತಿಳಿಯದಿರಬಹುದು; ಆಯಾಳಿಗೆ ತಿಳಿದಿರುವದು.

ಮೂರನೆಯದು, ದಾರಿಯನ್ನು ನಡೆದು ನೋಡುವದು. ವೈದ್ಯನು ಕೈಗಡಿಯಾರವನ್ನು ಹಿಡಿದು, ತೋಟದ ವಸತಿಯಿಂದ ವಿಜಯಪುರದ ಶಸ್ತ್ರಚಿಕಿತ್ಸೆಯ ಕೋಣೆಯ ವರೆಗೆ ರೋಗಿಯ ಹೆಜ್ಜೆಯನ್ನೇ ಅನುಸರಿಸತಕ್ಕದ್ದು. ಟಿಕೋಟಾದಿಂದ ವಾಹನವು ಬೇಗನೆ ಮುಟ್ಟಿದರೂ, ಹೊರಡುವ ಮುಂಚೆ ಚೀಟಿ ಬರೆಯುವದರಲ್ಲಿ, ಮುಟ್ಟಿದ ಮೇಲೆ ಬಾಗಿಲಿನಲ್ಲಿ ಹೆಸರು ಹಚ್ಚುವದರಲ್ಲಿ, ರಕ್ತದ ಗುಂಪನ್ನು ಪರೀಕ್ಷಿಸುವದರಲ್ಲಿ, ರಕ್ತ ಕೊಡುವ ನೆಂಟರನ್ನು ಹುಡುಕುವದರಲ್ಲಿ ದಾರಿಗಿಂತ ಹೆಚ್ಚಿನ ಹೊತ್ತು ಹೋಗಿರಬಹುದು. ಎಲ್ಲಿ ಹೊತ್ತು ಹೋಯಿತೆಂಬದನ್ನು ಊಹಿಸತಕ್ಕದ್ದಲ್ಲ. ಹತ್ತು ಹದಿನೈದು ರೋಗಿಗಳ ಕಾಲವನ್ನು ಬರೆದು ನೋಡತಕ್ಕದ್ದು. ಇದೇ ನಡಿಗೆಯಲ್ಲಿ ಇನ್ನೊಂದು ಸಂಗತಿಯೂ ಹೊರಬೀಳಬಹುದು. ಹೆರಿಗೆಯಾದ ಕೂಡಲೆ ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು 2ರಿಂದ 8 ಡಿಗ್ರಿಗಳ ತಂಪಿನಲ್ಲಿ ಇಡತಕ್ಕದ್ದು. ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ದಾಟುವ ಈ ಸೀಮೆಯಲ್ಲಿ ವಿದ್ಯುತ್ತು ಹೋದ ಮಧ್ಯಾಹ್ನ ಆ ಮದ್ದಿನ ಗತಿ ಏನು? ದಾದಿಯು ಹೊತ್ತಿಗೆ ಸರಿಯಾಗಿ ಚುಚ್ಚಿದರೂ, ಬಿಸಿಲಿಗೆ ಸತ್ವಗುಂದಿದ ಮದ್ದು ಕೆಲಸ ಮಾಡಲಾರದು. ತಂಪುಪೆಟ್ಟಿಗೆಯ ಒಳಗಿನ ಶಾಖವನ್ನು ದಿನಕ್ಕೆ ಎರಡು ಸಲ ಬರೆದಿಡುವ ಒಂದು ಕಾಗದವು ಆಗ ದೊಡ್ಡ ಯಂತ್ರಕ್ಕಿಂತ ಹೆಚ್ಚಿನ ಉಪಕಾರವನ್ನು ಮಾಡುವದು.

ನಾಲ್ಕನೆಯದು, ಮೂರು ಬಗೆಯ ಅಳತೆ. ಮಾಡಬೇಕಾದ ಕೆಲಸ ನಡೆಯಿತೇ ಎಂಬದು ಒಂದು: ಎಷ್ಟು ಹೆರಿಗೆಗಳಲ್ಲಿ ಹಾಸು ಹಾಕಲಾಯಿತು, ಎಷ್ಟರಲ್ಲಿ ಚುಚ್ಚುಮದ್ದು ಕೂಡಲೆ ಬಿದ್ದಿತು. ರೋಗಿಗೆ ಹಿತವಾಯಿತೇ ಎಂಬದು ಎರಡು: ತೀವ್ರ ರಕ್ತಸ್ರಾವ ಎಷ್ಟು ಜನರಿಗೆ, ರಕ್ತ ಕೊಡುವ ಪ್ರಸಂಗ ಎಷ್ಟು. ಒಂದು ಕಡೆ ಸುಧಾರಿಸಿದ್ದು ಇನ್ನೊಂದು ಕಡೆ ಕೆಟ್ಟಿತೇ ಎಂಬದು ಮೂರು. ಅಂಜಿಕೆಯಿಂದ ಟಿಕೋಟಾ, ಬಬಲೇಶ್ವರದವರು ಪ್ರತಿ ಬಾಣಂತಿಯನ್ನೂ ವಿಜಯಪುರಕ್ಕೆ ಕಳಿಸತೊಡಗಿದರೆ ಅಲ್ಲಿಯ ಹೆರಿಗೆಯ ಕೋಣೆ ತುಂಬಿತುಳುಕಿ ಅಲ್ಲಿ ಹೊಸ ಅಪಾಯ ಹುಟ್ಟುವದು. ಆದಕಾರಣ ಅನಾವಶ್ಯಕವಾಗಿ ಕಳಿಸಿದವರನ್ನೂ ಎಣಿಸತಕ್ಕದ್ದು.

ಐದನೆಯದು, ಸಣ್ಣ ಪ್ರಯೋಗ. ಯೋಜಿಸುವದು, ಮಾಡುವದು, ಪರಿಶೀಲಿಸುವದು, ತಿದ್ದಿ ನಡೆಸುವದು, ಈ ನಾಲ್ಕು ಹೆಜ್ಜೆಗಳ ಚಕ್ರವನ್ನು ಅಮೇರಿಕೆಯ ಶೂಹಾರ್ಟ್ ಮತ್ತು ಡೆಮಿಂಗ್ ಎಂಬವರು ಕಾರಖಾನೆಗಳ ಕೆಲಸದಿಂದ ರೂಪಿಸಿದರು. ವೈದ್ಯರು ಅದನ್ನು ಅವರಿಂದ ಕಲಿತರು. ಇಡೀ ಜಿಲ್ಹೆಗೆ ಒಂದೇ ದಿನ ಆಜ್ಞೆ ಹೊರಡಿಸುವದು ಇದರ ರೀತಿಯಲ್ಲ. ಬಬಲೇಶ್ವರದಲ್ಲಿ ಒಂದು ಪಾಳಿ, ಒಬ್ಬ ದಾದಿ, ಒಂದು ಹೆರಿಗೆ, ಅಲ್ಲಿಂದ ಆರಂಭ. ಹಾಸನ್ನು ಇಟ್ಟ ಕಪಾಟು ದೂರವಾಯಿತೆಂದು ಆ ದಾದಿ ಹೇಳಿದರೆ ಮರುದಿನ ಅದನ್ನು ಮಂಚದ ಪಕ್ಕಕ್ಕೆ ತರುವದು. ಚೀಲದ ಗೆರೆಯು ರಾತ್ರಿಯ ಬೆಳಕಿನಲ್ಲಿ ಕಾಣುವದಿಲ್ಲವೆಂದರೆ ದೀಪವನ್ನು ಬದಲಿಸುವದು. ಹೀಗೆ ನಾಲ್ಕಾರು ಸಲ ತಿದ್ದಿದ ಪದ್ಧತಿಯನ್ನು ಟಿಕೋಟಾಕ್ಕೆ ಒಯ್ಯುವದು. ಅಲ್ಲಿ ಮತ್ತೆ ತಿದ್ದುವದು. ಸಣ್ಣ ಪ್ರಯೋಗವು ಕೆಟ್ಟರೆ ನಷ್ಟವೂ ಸಣ್ಣದು, ಪಾಠ ಮಾತ್ರ ದೊಡ್ಡದು.

ಆರನೆಯದು, ಗೆರೆಯ ಚಿತ್ರ. ವಾರವಾರದ ಅಂಕಿಯನ್ನು ಒಂದು ಹಾಳೆಯ ಮೇಲೆ ಚುಕ್ಕೆಗಳಾಗಿ ಇಟ್ಟು ಕೂಡಿಸಿ, ನಡುವಣ ಮೌಲ್ಯದ ಗೆರೆಯನ್ನು ಎಳೆದು ಗೋಡೆಗೆ ಹಚ್ಚತಕ್ಕದ್ದು. ಒಂದು ವಾರ ಏರಿದರೆ ಹಿಗ್ಗತಕ್ಕದ್ದಲ್ಲ, ಒಂದು ವಾರ ಇಳಿದರೆ ಕುಗ್ಗತಕ್ಕದ್ದಲ್ಲ. ಏರಿಳಿತವು ಎಲ್ಲ ಕೆಲಸಗಳ ಸ್ವಭಾವವೇ ಆಗಿದೆ. ಸತತವಾಗಿ ಆರು ಅಥವಾ ಹೆಚ್ಚು ಚುಕ್ಕೆಗಳು ನಡುಗೆರೆಯ ಒಂದೇ ಬದಿಗೆ ನಿಂತರೆ ಮಾತ್ರ ಏನೋ ನಿಜವಾಗಿ ಬದಲಾಯಿತೆಂದು ತಿಳಿಯಬಹುದು. ಆ ಚಿತ್ರದಲ್ಲಿ ರೋಗಿಯ ಹೆಸರಾಗಲಿ ದಾದಿಯ ಹೆಸರಾಗಲಿ ಇರಕೂಡದು.

ಇಷ್ಟು ಮಾಡಿದರೆ ಜಯವು ಖಂಡಿತವೆಂದು ಹೇಳುವದು ಸತ್ಯಕ್ಕೆ ದೂರವಾದೀತು. ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ 1847ರಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ಹೆರಿಗೆ ಮಾಡಿಸುವವರು ಕ್ಲೋರಿನ್ ದ್ರಾವಣದಲ್ಲಿ ಕೈತೊಳೆಯಬೇಕೆಂಬ ನಿಯಮವನ್ನು ತಂದನು. ಎಪ್ರಿಲ್ ತಿಂಗಳಿನಲ್ಲಿ ನೂರಕ್ಕೆ 18ರಷ್ಟಿದ್ದ ತಾಯಂದಿರ ಸಾವು ಜೂನ್ ತಿಂಗಳಿನಲ್ಲಿ ಸುಮಾರು 2ಕ್ಕೆ ಇಳಿಯಿತು. ಅಂಕಿಯು ಅವನ ಕಡೆಗಿತ್ತು. ಆದರೂ ಅವನ ಕಾಲದ ವೈದ್ಯರಲ್ಲಿ ಬಹುಜನರು ಒಪ್ಪಲಿಲ್ಲ. ವೈದ್ಯನ ಕೈಯೇ ಸಾವನ್ನು ತಂದಿತೆಂಬ ಮಾತನ್ನು ಒಪ್ಪಿಕೊಳ್ಳುವದು ಅವರಿಗೆ ಸಾಧ್ಯವಾಗಲಿಲ್ಲ. ಸತ್ಯವನ್ನು ಕಾಣುವದು ಒಂದು ಕೆಲಸ, ಜೊತೆಯವರನ್ನು ಅದರೆಡೆಗೆ ಕರೆದುಕೊಂಡು ಹೋಗುವದು ಇನ್ನೊಂದು ಕೆಲಸ.

ಇನ್ನೊಂದು ನಿದರ್ಶನವು ಹತ್ತಿರದ್ದು. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆಯ ಪಟ್ಟಿಯನ್ನು 2010ರಲ್ಲಿ ಕರ್ನಾಟಕದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ, ಪ್ರತಿ ಹೆರಿಗೆಯಲ್ಲಿ ಮಾಡಬೇಕಾದ 29 ಕೆಲಸಗಳಲ್ಲಿ ಸರಾಸರಿ 10 ಮಾತ್ರ ನಡೆಯುತ್ತಿದ್ದವು. ಪಟ್ಟಿ ಬಂದ ಮೇಲೆ 25 ನಡೆದವು. ಇದನ್ನು ನೋಡಿ ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಅದೇ ಪಟ್ಟಿಯನ್ನು ತರಬೇತಿಯೊಡನೆ ಪರೀಕ್ಷಿಸಲಾಯಿತು. 2017ರಲ್ಲಿ ಹೊರಬಂದ ಫಲವು ಎಲ್ಲರನ್ನೂ ವಿಚಾರಕ್ಕೆ ಹಚ್ಚಿತು. ಆರಂಭದ ಎರಡು ತಿಂಗಳಿಗೆ ನೂರಕ್ಕೆ 73ರಷ್ಟು ಕೆಲಸಗಳು ನಡೆಯುತ್ತಿದ್ದವು. ತರಬೇತಿ ನಿಂತ ಮೇಲೆ, ಹನ್ನೆರಡನೆಯ ತಿಂಗಳಿಗೆ, ಅದು 62ಕ್ಕೆ ಇಳಿಯಿತು. ತಾಯಿಮಕ್ಕಳ ಸಾವುನೋವುಗಳಲ್ಲಂತೂ ಗಣನೀಯವಾದ ವ್ಯತ್ಯಾಸವೇ ಕಾಣಲಿಲ್ಲ. ಪಟ್ಟಿಯ ಮೇಲೆ ಗುರುತು ಬಿದ್ದ ಮಾತ್ರಕ್ಕೆ ಜೀವ ಉಳಿಯಲಾರದೆಂಬದು ಇದರ ಬೋಧೆ. ಪಟ್ಟಿಯ ಹಿಂದೆ ಔಷಧ, ರಕ್ತ, ವಾಹನ, ನುರಿತ ಕೈ ಇವು ಇರತಕ್ಕದ್ದು.

ಅವು ಒಟ್ಟುಗೂಡಿದಾಗ ಏನಾಗುವದೆಂಬದಕ್ಕೂ ಪ್ರಮಾಣವುಂಟು. ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾ ದೇಶಗಳ 80 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅಳತೆಯ ಹಾಸನ್ನು ಹಾಸಿ, ರಕ್ತಸ್ರಾವ ಕಂಡ ಕೂಡಲೆ ಗರ್ಭಕೋಶವನ್ನು ತಿಕ್ಕುವದು, ಅದು ಬಿಗಿಯುವ ಮದ್ದು, ಟ್ರನೆಕ್ಸಾಮಿಕ್ ಆಸಿಡ್, ರಕ್ತನಾಳದ ದ್ರವ, ಕಾರಣದ ಪರೀಕ್ಷೆ ಇವೆಲ್ಲವನ್ನೂ ಒಂದೇ ಕಟ್ಟಿನಂತೆ ಕೂಡಿಯೇ ಮಾಡಲಾಯಿತು. ಹಳೆಯ ಪದ್ಧತಿಯ ಆಸ್ಪತ್ರೆಗಳಲ್ಲಿ ರಕ್ತಸ್ರಾವವಾದವರಲ್ಲಿ ಅರ್ಧದಷ್ಟು ಜನರದು ಮಾತ್ರ ಗುರುತಿಗೆ ಬಂದಿತ್ತು. ಹೊಸ ಪದ್ಧತಿಯಲ್ಲಿ ನೂರಕ್ಕೆ 93 ಜನರದು ಗುರುತಿಗೆ ಬಂದಿತು. ಅತಿಯಾದ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವದು, ಅದರಿಂದಾಗುವ ಸಾವು, ಈ ಮೂರನ್ನೂ ಕೂಡಿಸಿ ಎಣಿಸಿದರೆ ನೂರಕ್ಕೆ 4.3 ಇದ್ದಲ್ಲಿ 1.6 ಆಯಿತು. ಬೆಳಗಾವಿಯಲ್ಲಿ ಕಣ್ಣಂದಾಜಿನ ಸುಳ್ಳನ್ನು ಹಿಡಿದುಕೊಟ್ಟಂಥ ಹಾಸೇ ಕಡಲಾಚೆಯ ತಾಯಂದಿರನ್ನೂ ಉಳಿಸುವ ಕೆಲಸದಲ್ಲಿ ಪಾಲ್ಗೊಂಡಿತು.

ಈ ಕೆಲಸಕ್ಕೆ ಬೇಕಾದ ಮನೋಧರ್ಮಕ್ಕೆ ಈ ಊರಿನಲ್ಲಿಯೇ ಹಿರಿಯ ಮಾದರಿಯುಂಟು. ಹಳಕಟ್ಟಿಯವರು ವಚನಗಳ ಓಲೆಗರಿಗಳನ್ನು ಮನೆಮನೆಗೆ, ಮಠಮಠಕ್ಕೆ ಅಲೆದು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಒಂದೇ ವಚನವು ನಾಲ್ಕು ಓಲೆಗಳಲ್ಲಿ ನಾಲ್ಕು ಬಗೆಯಾಗಿ ಕಂಡರೆ, ಬರೆದವನನ್ನು ಬೈದು ಪಾಠವು ಶುದ್ಧವಾಗುವದಿಲ್ಲ. ಪ್ರತಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು, ತಪ್ಪು ಯಾವ ಜಾಗದಲ್ಲಿ ಹೇಗೆ ಹೊಕ್ಕಿತೆಂಬದನ್ನು ತಾಳ್ಮೆಯಿಂದ ನೋಡಬೇಕಾಗುವದು. ಆಸ್ಪತ್ರೆಯ ದಾಖಲೆಗಳನ್ನು ಓದುವ ರೀತಿಯೂ ಅದೇ. ತಾಯಿಯೊಬ್ಬಳು ತೀರಿಕೊಂಡಾಗ ‘ಯಾರು ತಪ್ಪಿದರು?’ ಎಂಬ ಪ್ರಶ್ನೆಗೆ ಒಂದು ಹೆಸರು ಸಿಕ್ಕು ವಿಚಾರವು ಅಲ್ಲಿಯೇ ಮುಗಿಯುವದು. ‘ಯಾವದು ತಪ್ಪಿತು?’ ಎಂಬ ಪ್ರಶ್ನೆಗೆ ಮುಂದಿನ ತಾಯಿಯನ್ನು ಉಳಿಸುವ ಉತ್ತರ ಸಿಕ್ಕಬಹುದು. ಆದರೆ ಬೇಕೆಂದೇ ಸುಳ್ಳು ಬರೆಯುವದಕ್ಕೆ ಈ ಕ್ಷಮೆಯು ಸಲ್ಲದು. ಮಾಡದ್ದನ್ನು ಮಾಡಿದೆಯೆಂದು ಬರೆದ ಒಂದು ಸಾಲು ಇಡೀ ಕೆಲಸದ ಬುಡಕ್ಕೆ ಕೊಡಲಿಯಾಗುವದು.

ಕಡೆಯದಾಗಿ, ಕೆಲಸವನ್ನು ಉಳಿಸಿಕೊಳ್ಳುವ ಮಾತು. ಉತ್ಸಾಹಿಯಾದ ಒಬ್ಬ ವೈದ್ಯನ ಬದಲಿಯಾದ ಮೇಲೆ ಕೆಲಸವು ನಿಂತುಹೋಗುವದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದಕಾರಣ ಒಳ್ಳೆಯ ಪದ್ಧತಿಯು ವ್ಯಕ್ತಿಯ ನೆನಪಿನಲ್ಲಿ ಇರದೆ ಸ್ಥಳದ ವ್ಯವಸ್ಥೆಯಲ್ಲಿ ಇರತಕ್ಕದ್ದು: ಹಾಸು ಮಂಚದ ಪಕ್ಕದಲ್ಲಿಯೇ, ಕೀಲಿ ಪಾಳಿಯವರ ಹತ್ತಿರವೇ, ಹೊಸ ದಾದಿಗೆ ಮೊದಲ ವಾರದಲ್ಲಿಯೇ ಅಭ್ಯಾಸ, ತಿಂಗಳಿಗೊಮ್ಮೆ ಟಿಕೋಟಾ, ಬಬಲೇಶ್ವರ, ವಿಜಯಪುರದವರ ಕೂಡುವಿಕೆ. ಆ ಕೂಟದಲ್ಲಿ ವಿಜಯಪುರದ ತಜ್ಞರು, ತಮ್ಮಲ್ಲಿಗೆ ಕಳಿಸಿದ ತಾಯಿಯ ಗತಿ ಏನಾಯಿತೆಂಬದನ್ನು ಕಳಿಸಿದವರಿಗೆ ತಿಳಿಸತಕ್ಕದ್ದು. ಕಳಿಸಿದ ದಾದಿಗೆ ಮರಳಿ ಸುದ್ದಿಯೇ ಬರದಿದ್ದರೆ ಅವಳು ಕಲಿಯುವದು ಯಾವದರಿಂದ?

ಇದರಲ್ಲಿ ಭಕ್ತಜನರ ಪಾಲೂ ಇರುವದು. ಜಾತ್ರೆಯ ದಿನ ದಾಸೋಹದ ಪಕ್ಕದಲ್ಲಿಯೇ ರಕ್ತದಾನದ ಶಿಬಿರ ನಡೆದರೆ, ಬಾಣಂತಿಯ ಬಾಗಿಲಿನಲ್ಲಿ ನೆಂಟರು ರಕ್ತಕ್ಕಾಗಿ ಅಲೆಯುವ ಹೊತ್ತು ಉಳಿಯುವದು. ದಾನದಿಂದ ಆಸ್ಪತ್ರೆಗೆ ಏನನ್ನಾದರೂ ಕೊಡುವ ಮುಂಚೆ ‘ಯಾವದು ಕಡಿಮೆಯಿದೆ?’ ಎಂದು ದಾದಿಯರನ್ನು ಕೇಳುವದು ಒಳ್ಳೆಯದು. ಅವರ ಉತ್ತರವು ಅಮೃತಶಿಲೆಯ ಫಲಕವಲ್ಲದೆ ಒಂದು ಒಳ್ಳೆಯ ದೀಪವೋ ತಂಪುಪೆಟ್ಟಿಗೆಯೋ ಆಗಿರಬಹುದು.

ಬಸವಣ್ಣನವರು ಹುಟ್ಟಿದ ಈ ಜಿಲ್ಹೆಯಲ್ಲಿ ಕಾಯಕವೆಂಬ ಶಬ್ದವನ್ನು ವೈದ್ಯರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಕಾಯಕವು ಶುದ್ಧವಾಗಿರಬೇಕೆಂದರೆ ಅದರ ಅಳತೆಯು ಶುದ್ಧವಾಗಿರಬೇಕು. ಆ ಅಳತೆಯು ಮೊದಲು ಮಾಡುವವನ ಮೇಲೆಯೇ ಬೀಳಬೇಕು. ಒಂದು ಊರು, ಒಂದು ಪಾಳಿ, ಒಂದು ಗುರಿ, ಒಂದು ಹಾಳೆ. ಇವುಗಳಿಂದ ಕೆಲಸವು ಆರಂಭವಾಗಲಿ. ಬಬಲೇಶ್ವರದ ಆ ಹಾಳೆಯ ಮೇಲೆ ಮೊದಲನೆಯ ಚುಕ್ಕೆಯು ಬಿದ್ದ ದಿನವೇ ಈ ಮಹೋತ್ಸವವು ಪೂರ್ಣವಾಯಿತೆಂದು ತಿಳಿಯಬಹುದು.